ಹಳ್ಳದ ಆಚೆಯವನು

ಮೊದಲೇ ಹೇಳಿಬಿಡುತ್ತೇನೆ, ಇದನ್ನು ನೀವು ನಂಬುವುದಿಲ್ಲ. ನಂಬಿ ಎಂದು ಕೈಮುಗಿಯುವವನೂ ನಾನಲ್ಲ. ನಮ್ಮ ಮುಂಡರಗಿಯಲ್ಲಿ ನನ್ನ ಮಾತು ನಂಬುವ ಜೀವ ಅಂದರೆ ನಮ್ಮ ಮನೆಯ ಎಮ್ಮೆ ಒಂದೇ. ಅದು ಕೂಡ ಮುಂದೆ ಹಿಂಡಿ ಇಟ್ಟ ಮೇಲೆ.

ಈಗ ನಾನು ಗದಗಿನಲ್ಲಿ ಬೋರ್ಡಿಂಗಿನ ಊಟ ಮಾಡಿಕೊಂಡು ಹೈಸ್ಕೂಲು ಓದುತ್ತಿದ್ದೇನೆ. ಆ ಅನ್ನದಲ್ಲಿ ಎಷ್ಟು ಕಲ್ಲು ಅಂದರೆ, ಮೆಟ್ರಿಕ್ ಮುಗಿಯುವುದರೊಳಗೆ ನನ್ನ ಹೊಟ್ಟೆಯಲ್ಲಿ ಒಂದು ಹನುಮಪ್ಪನ ಗುಡಿ ಕಟ್ಟಬಹುದು. ಮೊನ್ನೆ ಹತ್ತಿ ಪೇಟೆಯ ಕಡೆ ಹೋದಾಗ ಹತ್ತಿ ತುಂಬಿದ ಅಂಡಿಗೆಗಳ ನಡುವೆ ಒಬ್ಬ ಹುಡುಗ ನನಗೆ ಬೆನ್ನು ಮಾಡಿ ನಿಂತಿದ್ದ. ಅದೇ ಉದ್ದ ಕುತ್ತಿಗೆ, ಅದೇ ನೀರು ಹಚ್ಚಿ ತೀಡಿದ ಕೂದಲು. "ಲೇ!" ಎಂದು ಕೂಗಿದೆ. ಪೇಟೆ ತಿರುಗಿತು, ಗಾಡಿಯ ಎತ್ತುಗಳು ತಿರುಗಿದವು, ದಲಾಲರು ತಿರುಗಿದರು, ಕೊನೆಗೆ ಆ ಹುಡುಗನೂ ತಿರುಗಿದ. ಅವನಲ್ಲ. ಅವತ್ತಿನಿಂದ ಅನ್ನ ಗಂಟಲಲ್ಲಿ ಇಳಿಯುತ್ತಿಲ್ಲ. ಕಲ್ಲಿನ ಕಾರಣಕ್ಕಲ್ಲ.

ಅವನ ಹೆಸರು ಹೇಳುವುದಿಲ್ಲ. ನಮ್ಮೂರಲ್ಲಿ ಅವನನ್ನು ಹೆಸರು ಹಿಡಿದು ಕರೆದವರೂ ಕಡಿಮೆ. ಆಚಿಕಡ್ಯಾಂವ ಎನ್ನುತ್ತಿದ್ದರು. ಹಳ್ಳದ ಆಚೆಯಿಂದ ಬಂದವನು.

ನಮ್ಮ ಸೀಮೆಯ ಅವಾಂತರ ನಿಮಗೆ ಗೊತ್ತಿರಲಿಕ್ಕಿಲ್ಲ. ಮುಂಡರಗಿ ಮುಂಬೈ ಸರಕಾರದ್ದು. ಪಕ್ಕದ ಶಿರಹಟ್ಟಿ ಮೊನ್ನೆ ಮೊನ್ನೆಯವರೆಗೂ ಸಾಂಗಲಿಯ ರಾಜರದು, ಅದರಾಚೆಯ ಲಕ್ಷ್ಮೇಶ್ವರ ಮಿರಜಿನ ರಾಜರದು. ಸಿಂಗಟಾಲೂರಿನ ಹತ್ತಿರ ಹೊಳೆ ದಾಟಿದರೆ ಮದ್ರಾಸು. ಮೂಡಲಿಗೆ ಹಳ್ಳ ದಾಟಿದರೆ ಹೈದರಾಬಾದಿನ ನಿಜಾಮ. ನಮ್ಮ ಎಮ್ಮೆಯನ್ನು ಮುಂಜಾನೆ ಮೇಯಲು ಬಿಟ್ಟರೆ ಮೂರು ಸರಕಾರದ ಹುಲ್ಲು ತಿಂದು ಸಂಜೆಗೆ ಮನೆಗೆ ಬರುತ್ತಿತ್ತು. ಹಾಲು ಮಾತ್ರ ಒಂದೇ ಬಣ್ಣ. ದೇಶಕ್ಕೆ ಸ್ವಾತಂತ್ರ್ಯ ಬಂತು, ನಾವು ಪೇಡೆ ತಿಂದೆವು. ಹಳ್ಳದ ಆಚೆಯವರು ತಿನ್ನಲಿಲ್ಲ. ಅಲ್ಲಿ ನಿಜಾಮ ಭಾರತಕ್ಕೆ ಸೇರಲು ಒಪ್ಪಲಿಲ್ಲ. ಅವನ ಕಡೆಯ ರಜಾಕಾರರ ದಂಡು ಹಳ್ಳಿಗಳ ಮೇಲೆ ಬೀಳತೊಡಗಿತು. ಆಚೆಯ ಜನ ಗಾಡಿ ಇದ್ದವರು ಗಾಡಿ ಕಟ್ಟಿಕೊಂಡು, ಇಲ್ಲದವರು ತಲೆಯ ಮೇಲೆ ಹೊತ್ತುಕೊಂಡು ನಮ್ಮೂರಿಗೆ ಬರತೊಡಗಿದರು. ಅವರ ಹಿಂದೆಯೇ ನಿಜಾಮನ ವಿರುದ್ಧದ ಹೋರಾಟಗಾರರ ಶಿಬಿರವೂ ಬಂತು. ಬಂದೂಕು ಹೆಗಲಿಗೆ ಹಾಕಿದ ತರುಣರು ಚಹಾದಂಗಡಿಯಲ್ಲಿ ಕೂತು ಚುರುಮುರಿ ಮುಕ್ಕುವುದನ್ನು ನೋಡಲು ನಾವು ಶಾಲೆ ತಪ್ಪಿಸುತ್ತಿದ್ದೆವು. ಅವರಲ್ಲೊಬ್ಬರು ನನಗೆ ಬಂದೂಕು ಹಿಡಿಯಲು ಕೊಟ್ಟರು. ಅಂದರೆ, ನಾನು ಮುಟ್ಟಿದೆ, ಅವರು ಬೈದರು. ಒಟ್ಟಿನಲ್ಲಿ ಬಂದೂಕಿಗೂ ನನಗೂ ಪರಿಚಯವಾಯಿತು.

ಅವನು ಬಂದದ್ದು ಆ ಬೇಸಿಗೆಯಲ್ಲಿ. ಬಂದವರನ್ನು ಚಾವಡಿಯಲ್ಲಿ ಮನೆಮನೆಗೆ ಹಂಚುತ್ತಿದ್ದರು. ನಮ್ಮಪ್ಪ ಗಾಡಿಯ ಕೀಲು ಕೇಳಿಕೊಂಡು ಬರಲು ಹೋದವನು ಇವನನ್ನು ಕರೆದುಕೊಂಡು ಬಂದ. ನನ್ನ ವಾರಿಗೆಯ ಹುಡುಗ, ಮೊಣಕಾಲಿನ ತನಕ ಧೂಳು.

"ಯಾರ ಹುಡುಗ್ರೀ ಇದು?" ಎಂದಳು ಅವ್ವ.

"ಆಚಿಕಡ್ಯಾಂವ. ಒಬ್ಬಾಂವನ ಅದಾನ. ಮದಲ ಉಣ್ಣಾಕ ಹಾಕು, ಆಮ್ಯಾಲ ಕೇಳಂತಿ."

"ಕೀಲು?" ಎಂದು ನಾನು ಕೇಳಿದೆ. ಅಪ್ಪ ನನ್ನನ್ನು ಹೇಗೆ ನೋಡಿದ ಅಂದರೆ, ನಾನೇ ಆ ಕೀಲಾಗಿದ್ದರೆ ಮುರಿದು ಎರಡಾಗುತ್ತಿದ್ದೆ.

ಅವನ ಊರಿನವರು ಬೇರೆ ದಾರಿ ಹಿಡಿದು ಗಜೇಂದ್ರಗಡದ ಕಡೆ ಹೋಗಿದ್ದರಂತೆ. ಇವನು ಯಾರೋ ಗುರುತಿಲ್ಲದವರ ಗಾಡಿಯ ಹಿಂದೆ ನಡೆದು ಬಂದಿದ್ದ. ಆ ದಿನ ಅವನು ಉಂಡ ರೀತಿ ನನಗೆ ಇವತ್ತಿಗೂ ಕಣ್ಣಮುಂದಿದೆ. ರೊಟ್ಟಿಯನ್ನು ನಾಲ್ಕಾಗಿ ಮುರಿದ. ಒಂದು ತುಂಡನ್ನು ತಾಟಿನ ಅಡಿಯಲ್ಲಿ ಸೇರಿಸಿದ. ಉಳಿದದ್ದನ್ನೆಲ್ಲ ಉಂಡಾದ ಮೇಲೆ ಸುತ್ತಲೂ ಒಮ್ಮೆ ನೋಡಿ ಆ ತುಂಡನ್ನು ತಿಂದ. ನಮ್ಮ ಮನೆಯಲ್ಲಿ ಇದ್ದಷ್ಟು ಕಾಲವೂ ಹಾಗೆಯೇ ಉಂಡ. ಬಾಗಿಲಿಗೆ ಬೆನ್ನು ಕೊಟ್ಟು ಒಂದು ದಿನವೂ ಕೂಡಲಿಲ್ಲ. ನಗು ಬಂದರೆ ಬಾಯಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದ, ಅದು ಯಾರದೋ ಮನೆಯಿಂದ ಕದ್ದು ತಂದ ನಗು ಎಂಬಂತೆ. ಓಣಿಯ ತುದಿಯಲ್ಲಿ ಗಾಡಿ ಸಪ್ಪಳವಾದರೆ ಒಳಗೆ ಕೂತೇ "ಎಡಕಿನ ಎತ್ತು ಕುಂಟತೈತಿ" ಎನ್ನುತ್ತಿದ್ದ. ಹೋಗಿ ನೋಡಿದರೆ ಖರೆ ಕುಂಟುತ್ತಿರುತ್ತಿತ್ತು. ಯಾರು ಏನು ಅಂದರೂ ಅವನ ಉತ್ತರ ಒಂದೇ: "ಇರ್ಲಿ ಬಿಡು."

ಬಂದ ಎರಡು ಮೂರು ದಿನಕ್ಕೆ ಅವ್ವ ಅವನನ್ನು ಹತ್ತಿರ ಕೂಡಿಸಿಕೊಂಡು ಕೇಳಿದಳು. ಅವನ ಹೆತ್ತವ್ವ ಅವನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದಳಂತೆ.

"ನಿಮ್ಮಪ್ಪ ಎಲ್ಲೆಪ್ಪಾ?"

ಅವನು ನೆಲ ನೋಡುತ್ತ ಹೇಳಿದ: "ದೀಪ ಹಚ್ಚೂ ಹೊತ್ತಿಗೆ ರಜಾಕಾರರು ಬಂದ್ರರೀ ಅವ್ವಾರ. ನನ್ನ ಹಿತ್ತಲಕ ದೂಕಿ, ಅಪ್ಪ ತಲಬಾಗಲದಾಗ ನಿಂತಾ. ಹೋಗೂಮುಂದ ದೀಪದ ಬತ್ತಿ ಸಣ್ಣ ಮಾಡಿ ಹೋದಾ."

"ಅದ್ಯಾಕಪಾ?"

"ಎಣ್ಣಿ ಸುಟ್ಟೀತಂತ."

"ಆಮ್ಯಾಲ?"

"ಆಮ್ಯಾಲ ಇಲ್ಲರೀ."

ಅಷ್ಟೇ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಂಜೆಯೊಳಗೆ ಇಡೀ ಓಣಿ ಕಣ್ಣೊರೆಸಿಕೊಂಡಿತು. ಮರುದಿನ ಬಾವಿಕಟ್ಟೆಯ ಮೇಲೆ ಹೆಂಗಸರು ಆ ದೀಪದ ಮಾತು ಆಡಿ ಆಡಿ ನೀರು ಸೇದುವುದನ್ನೇ ಮರೆತರು.

ನನ್ನ ಅವಸ್ಥೆ ಯೋಚಿಸಿ. ಸುಳ್ಳಿನ ಕಸುಬಿನಲ್ಲಿ ಅಲ್ಲಿಯವರೆಗೆ ಮುಂಡರಗಿಯಲ್ಲಿ ನನಗೆ ಎದುರಾಳಿ ಇರಲಿಲ್ಲ. ಸಿಂಗಟಾಲೂರಿನ ಮೊಸಳೆ ನಮ್ಮ ಸೋದರಮಾವನ ಚಪ್ಪಲಿ ನುಂಗಿ, ಅಳತೆ ಸರಿಹೋಗಲಿಲ್ಲವೆಂದು ಮರುದಿನ ಅದೇ ದಂಡೆಗೆ ತಂದು ಬಿಟ್ಟುಹೋದ ಕತೆಯನ್ನು ನಾನು ಕೈ ಕಾಲು ಆಡಿಸಿ, ನೆಲದ ಮೇಲೆ ಹೊರಳಾಡಿ ಹೇಳುತ್ತಿದ್ದೆ. ಜನ ನಗುತ್ತಿದ್ದರು, ಆದರೆ ಒಬ್ಬರಾದರೂ ಕಣ್ಣೊರೆಸಿಕೊಂಡದ್ದಿಲ್ಲ. ಇವನು ಬಂದು ಒಂದು ಬತ್ತಿ ಸಣ್ಣ ಮಾಡಿದ, ಊರೇ ಅವನದಾಯಿತು.

ಹೊಟ್ಟೆಕಿಚ್ಚು ಅಂದರೆ ಏನೆಂದು ನನಗೆ ತಿಳಿದದ್ದು ಬೆಣ್ಣೆಯಿಂದ. ಅವ್ವ ಅವನ ರೊಟ್ಟಿಗೆ ಬೆಣ್ಣೆ ಇಟ್ಟರೆ ರೊಟ್ಟಿ ಕಾಣುತ್ತಿರಲಿಲ್ಲ. ನನ್ನ ರೊಟ್ಟಿಗೆ ಇಟ್ಟರೆ ಬೆಣ್ಣೆ ಕಾಣುತ್ತಿರಲಿಲ್ಲ.

"ಅವ್ವಾ, ನನಗ?"

"ನಿನಗ ಅಪ್ಪ ಅದಾನಲ್ಲೋ."

"ಅಪ್ಪನ್ನ ಹಚಗೊಂಡ ತಿನ್ನಲೇನ?"

ಒಳಗಿನಿಂದ ಅಪ್ಪ ಕೆಮ್ಮಿದ. ಅವನು ಬಾಯಿಗೆ ಅಂಗೈ ಅಡ್ಡ ಹಿಡಿದ. ನಾನು ಆ ದಿನ ಅವನನ್ನು ಹಳ್ಳಕ್ಕೆ ನೂಕಬೇಕೆಂದು ನಿಶ್ಚಯಿಸಿದೆ. ಹಳ್ಳದಲ್ಲಿ ನೀರಿರಲಿಲ್ಲವಾದ್ದರಿಂದ ಮುಂದೂಡಿದೆ.

ಆಮೇಲೆ ಧ್ವಜದ ದಿನ ಬಂತು. ಸ್ವಾತಂತ್ರ್ಯಕ್ಕೆ ಒಂದು ವರ್ಷ ತುಂಬಿತೆಂದು ಶಾಲೆಯಲ್ಲಿ ಸಮಾರಂಭ. ಭಾಷಣ ಮಾಡುವವನು ನಾನು. ಎಮ್ಮೆಯ ಮುಂದೆ ನಿಂತು ಎಷ್ಟು ಸಲ ಒಪ್ಪಿಸಿದ್ದೆ ಅಂದರೆ, "ಮಾನ್ಯ ಅಧ್ಯಕ್ಷರೇ" ಎಂದ ಕೂಡಲೇ ಅದು ಕಿವಿ ನಿಮಿರಿಸುತ್ತಿತ್ತು. ಆದರೆ ಆ ಮುಂಜಾನೆ ಮಾಸ್ತರರಿಗೆ ಬೇರೆ ಬುದ್ಧಿ ಹೊಳೆಯಿತು. ತಂದೆಯನ್ನು ಬಲಿಕೊಟ್ಟ ವೀರಪುತ್ರ ನಮ್ಮ ನಡುವೆ ಇರುವಾಗ ಬೇರೆಯವರ ಮಾತು ಯಾಕೆ ಎಂದು ಅವನನ್ನು ಮುಂದೆ ಕರೆದರು. ಅವನು ಹಗ್ಗ ಎಳೆದ, ಧ್ವಜ ಬಿಚ್ಚಿಕೊಂಡಿತು. "ನಾಲ್ಕು ಮಾತು ಆಡಪ್ಪಾ" ಎಂದರು. ಅವನ ಕಿವಿ ಕೆಂಪಾದವು.

"ನನಗೇನೂ ಬರೂದಿಲ್ರೀ," ಎಂದ.

ಚಪ್ಪಾಳೆ! ಶಾಲೆಯ ಹಂಚು ಹಾರುವಂಥ ಚಪ್ಪಾಳೆ! ನನಗೇನೂ ಬರುವುದಿಲ್ಲ ಎಂದು ನಾನು ವರ್ಷವರ್ಷ ಗಣಿತದ ಪರೀಕ್ಷೆಯಲ್ಲಿ ಸಾಬೀತು ಮಾಡುತ್ತ ಬಂದಿದ್ದೇನೆ, ಒಬ್ಬರೂ ಚಪ್ಪಾಳೆ ತಟ್ಟಿದ್ದಿಲ್ಲ.

ಶಾಲೆಯ ಹಿಂದಿನ ಬೇವಿನ ಗಿಡದ ಕೆಳಗೆ ನಾನು ಮುಖ ಊದಿಸಿಕೊಂಡು ಕೂತಿದ್ದಾಗ ಅವನು ಹುಡುಕಿಕೊಂಡು ಬಂದ. ಶಾಲೆಯಲ್ಲಿ ಹಂಚಿದ್ದ ಸಿಹಿಯಲ್ಲಿ ತನ್ನ ಪಾಲಿನ ಉಂಡಿಯನ್ನು ನನ್ನ ತೊಡೆಯ ಮೇಲೆ ಇಟ್ಟ.

"ನಿನ್ನ ಭಾಷಣ ಮಾಡು."

"ಯಾರ ಮುಂದ ಮಾಡ್ಲಿ? ನಿನ್ನ ಮುಂದೇನ?"

"ಹೂಂ. ನನ್ನ ಮುಂದ."

ನಾನು ಎದ್ದು ನಿಂತು ಮಾಡಿದೆ. ಮಾನ್ಯ ಅಧ್ಯಕ್ಷರಿಂದ ಹಿಡಿದು ಜೈಹಿಂದಿನವರೆಗೆ, ಒಂದು ಅಕ್ಷರ ಬಿಡದೆ. ಅವನು ಗಿಡಕ್ಕೆ ಒರಗಿ, ಕಣ್ಣು ಮಿಟುಕಿಸದೆ, ಇಡೀ ಭಾಷಣ ಕೇಳಿದ. ನನ್ನ ಹುಟ್ಟಿನಿಂದ ಅಷ್ಟು ಹೊತ್ತು ನನ್ನ ಮಾತು ಯಾರೂ ಕೇಳಿರಲಿಲ್ಲ. ಮುಗಿದ ಮೇಲೆ, "ಛಲೋ ಐತಿ. ಭಾಳ ಐತಿ," ಎಂದ. ಇಬ್ಬರಿಗೂ ನಗು ಬಂತು. ಈ ಸಲ ಅವನು ಬಾಯಿಗೆ ಕೈ ಅಡ್ಡ ತರಲಿಲ್ಲ. ಮುಂದಿನ ಹಲ್ಲು ಒಂದು ಅರ್ಧ ಮುರಿದದ್ದನ್ನು ಅವತ್ತು ನೋಡಿದೆ.

ಅಲ್ಲಿಂದ ನಾವಿಬ್ಬರೂ ಒಂದೇ ಕಂಬಳಿ, ಒಂದೇ ಎಮ್ಮೆ. ಮಳೆಗೆ ಹಳ್ಳ ತುಂಬಿದಾಗ ನೂಕುವ ಯೋಚನೆ ನನಗೆ ನೆನಪಾಗಲೇ ಇಲ್ಲ; ಈಸು ಬೀಳುವುದನ್ನು ಅವನೇ ನನಗೆ ಕಲಿಸಿದ. ನನ್ನ ಮೊಸಳೆಯನ್ನೂ ತಿದ್ದಿದ. "ಮೊಸಳಿ ದೊಡ್ಡದು ಮಾಡಬ್ಯಾಡಲೇ. ಚಪ್ಪಲಿ ಸಣ್ಣದು ಮಾಡು. ಉಂಗುಟಾ ಹರಿದಿತ್ತು, ನಿಮ್ಮ ಮಾವ ಸುತಳಿ ಕಟ್ಟಿದ್ದಾ ಅನ್ನು. ಜನಾ ಸುತಳಿ ನಂಬತಾರ. ಸುತಳಿ ನಂಬಿದ್ರ ಮೊಸಳಿನೂ ನಂಬತಾರ." ಮರುದಿನ ಸುತಳಿ ಕಟ್ಟಿ ಹೇಳಿದೆ. ಅಸುಂಡಿಯಿಂದ ಬೀಗರ ಮನೆಗೆ ಬಂದಿದ್ದ ಮುದುಕನೊಬ್ಬ, "ಅಯ್ಯೋ, ಆಮ್ಯಾಲ ಬರಿಗಾಲಲೆ ಬಂದನೇನಪಾ ಪಾಪ?" ಎಂದು ಕೇಳಿದ. ನಾನು ಕುಣಿದಾಡಿದೆ. ಇಷ್ಟೊಂದು ಕಸುಬು ಇವನು ಎಲ್ಲಿ ಕಲಿತ ಎಂದು ನನಗೆ ಆಗ ಹೊಳೆಯಲಿಲ್ಲ.

ಭಾದ್ರಪದದಲ್ಲಿ ಭಾರತದ ಸೈನ್ಯ ಹೈದರಾಬಾದಿಗೆ ನುಗ್ಗಿತು. ಒಂದು ವಾರವೂ ಆಗಲಿಲ್ಲ, ನಿಜಾಮ ಶರಣಾದ ಎಂಬ ಖಬರ ಬಂತು. ನಮ್ಮೂರಲ್ಲಿ ಬಾಜಾ ಬಜಂತ್ರಿ. ಹೋಟೆಲಿನವನು ಜಿಲೇಬಿಯನ್ನು ಪುಕ್ಕಟೆ ಹಂಚಿದ. ನಾನು ಮೂರು ಸಲ ಸರತಿ ನಿಂತೆ, ಮೂರನೆಯ ಸಲ ತಲೆಗೆ ಟವಲು ಸುತ್ತಿಕೊಂಡು. ಆಚೆಯ ಜನ ಅಳುತ್ತ ನಗುತ್ತ ಗಾಡಿ ಕಟ್ಟಿದರು. ಗಾಡಿಗಳೆಲ್ಲ ಮೂಡಲಿಗೆ ಮುಖ ಮಾಡಿದವು.

ಇವನು ಮಾತ್ರ ಎಮ್ಮೆಯನ್ನು ಪಡುವಲಿಗೆ ಹೊಡೆಯತೊಡಗಿದ. ಹಳ್ಳದ ಕಡೆ ಹೋಗುವುದನ್ನೇ ಬಿಟ್ಟ. ಆ ದಿಕ್ಕಿನಿಂದ ಗಾಡಿ ಸಪ್ಪಳವಾದರೆ ಕೊಟ್ಟಿಗೆ ಸೇರುತ್ತಿದ್ದ, ಎಡಗಡೆಯ ಎತ್ತಿನ ಬಗ್ಗೆ ಏನೂ ಹೇಳುತ್ತಿರಲಿಲ್ಲ.

"ನೀ ಎಲ್ಲಿ ಹೋಗ್ತಿ ನನ್ನಪ್ಪ, ಅಲ್ಲಿ ನಿನಗ ಯಾರದಾರ?" ಎಂದಳು ಅವ್ವ. "ಇಲ್ಲೇ ಇರು. ಇಬ್ಬರೂ ಕೂಡಿ ಸಾಲಿ ಕಲೀರಿ. ಮತ್ತ ನೋಡು, ಮಾನೌಮಿ ಅಮಾಸಿ ಬಂತು. ಈ ಸಲ ನಮ್ಮ ಹಿರ್‍ಯಾರ ಕೂಡ ನಿಮ್ಮಪ್ಪಂದೂ ಒಂದು ಎಡಿ ಇಡೂಣು. ಪಾಪ, ಆ ಜೀವಕ್ಕ ಮಣ್ಣಾತೋ ಇಲ್ಲೋ."

ಆ ಅಮಾವಾಸ್ಯೆಗೆ ನಮ್ಮ ಕಡೆ ಸತ್ತ ಹಿರಿಯರೆಲ್ಲ ಮನೆಗೆ ಬರುತ್ತಾರೆ. ಗಂಡಸಿಗೆ ಹೊಸ ಧೋತರ ರುಮಾಲು, ಹೆಂಗಸಿಗೆ ಹೊಸ ಸೀರೆ ಇಟ್ಟು, ಬದುಕಿದ್ದಾಗ ಅವರಿಗೆ ಏನು ಸೇರುತ್ತಿತ್ತೋ ಅದನ್ನೇ ಮಾಡಿ ಎಡೆ ಹಿಡಿಯಬೇಕು. ನಮ್ಮಜ್ಜನ ಎಡೆಯಲ್ಲಿ ಒಂದು ಬೀಡಿಯೂ ಇರುತ್ತದೆ. ಅವ್ವ ಅಪ್ಪನ ಬೆನ್ನುಬಿದ್ದು ಗದಗಿನಿಂದ ಇನ್ನೊಂದು ಜೋಡಿ ಧೋತರ, ಇನ್ನೊಂದು ರುಮಾಲು ತರಿಸಿದಳು. ನನಗೆ ಆ ಹಬ್ಬಕ್ಕೆ ಅಂಗಿ ಇಲ್ಲ. ಸತ್ತರೆ ಮಾತ್ರ ಈ ಮನೆಯಲ್ಲಿ ಬಟ್ಟೆ ಎಂದು ಗೊಣಗಿದೆ.

ಮರುದಿನ ಎಮ್ಮೆ ಕಾಯುವಾಗ ಅವನು ಕೇಳಿದ: "ಲೇ, ಜೀವಂತ ಇದ್ದಾಂವಗ ಎಡಿ ಇಟ್ರ ಏನಾಕ್ಕೈತಿ?"

ಇಂಥ ಪ್ರಶ್ನೆ ಸಿಕ್ಕರೆ ನಾನು ಬಿಡುವವನೇ? "ಸಾಯತಾನ! ಮುಳಗುಂದದಾಗ ಒಬ್ಬಗ ಹಿಂಗ ಆಗಿತ್ತು. ಇತ್ಲಾಗ ಎಡಿ ಇಟ್ರು, ಅತ್ಲಾಗ ಅಂವ ನಡಕೋತ ಹೊಂಟಾಂವ ಜೋಳ ತುಂಬೂ ಹಗೇವಿನ ತೆಗ್ಗಿನಾಗ ಬಿದ್ದು ಸತ್ತಾ. ಕೈಯಾಗ ಸುತಳಿ ಇತ್ತು."

ಸುತಳಿ ಸೇರಿಸಿದ್ದಕ್ಕೆ ಅವನು ನಗುತ್ತಾನೆ ಎಂದುಕೊಂಡಿದ್ದೆ. ತಿರುಗಿ ನೋಡಿದರೆ ಅವನ ಮುಖದಲ್ಲಿ ರಕ್ತವಿರಲಿಲ್ಲ.

"ನಮ್ಮಪ್ಪ ಸತ್ತಿಲ್ಲ," ಎಂದ.

ನಾನು ಸುಮ್ಮನಾಗುವುದು ಅಪರೂಪವಾದ್ದರಿಂದ ಎಮ್ಮೆಯೂ ತಲೆ ಎತ್ತಿ ನೋಡಿತು.

"ಬಾಗಲದಾಗ ನಿಂತಾಕಿ ನಮ್ಮಜ್ಜಿ. ಅಪ್ಪನ ಅವ್ವ. ನನ್ನ ಹಿತ್ತಲಕ ದೂಕಿದಾಕಿನೂ ಆಕಿನ. ದೀಪ ಸಣ್ಣ ಮಾಡಿದಾಕಿನೂ ಆಕಿನ. ಅಪ್ಪ ಆಗಲೇ ಗ್ವಾಡಿ ಹತ್ತಿದ್ದಾ. ಹಾರೂಮುಂದ ತಿರುಗಿ ನನ್ನ ನೋಡಿದಾ. ನೋಡಿ ಹಾರಿದಾ."

"ಆಮ್ಯಾಲ?"

"ಬಾಜೂ ಮನಿ ಪಿಂಜಾರ ಮುದುಕಿ ನನ್ನ ಎಳಕೊಂಡು ಹತ್ತಿ ಅರಳಿ ರಾಶ್ಯಾಗ ಮುಚ್ಚಿದ್ಲು. ಬಂದವರಿಗೆ ಯಾರೂ ಇಲ್ಲಂತ ಅಲ್ಲಾನ ಆಣಿ ಮಾಡಿದ್ಲು. ಮುಂಜಾನೆ ನಮ್ಮಜ್ಜಿ ಹೆಣದ ಮ್ಯಾಲ ತನ್ನ ಕೌದಿ ಹೊಚ್ಚಿದಾಕಿನೂ ಆಕಿನ."

ನಾನು ಕೇಳಿದೆ: "ಮತ್ತ ನಿಮ್ಮಪ್ಪ ನಿಂತಾ ಅಂತ ಯಾಕ ಹೇಳಿದಿ?"

ಅವನು ಹುಲ್ಲು ಕಿತ್ತು ಕಿತ್ತು ಒಗೆಯುತ್ತಿದ್ದ. "ನಿಮ್ಮವ್ವ ಕೇಳಿದ್ರು, ನಿಮ್ಮಪ್ಪ ಎಲ್ಲೆಪ್ಪಾ ಅಂತ. ಓಡಿಹೋದಾ ಅಂತ ಅನ್ನಾಕ ಬಾಯಿ ಬರಲಿಲ್ಲ. ನಿಂತಾ ಅಂದೆ. ಅಂದ ಮ್ಯಾಲ ಛಲೋ ಅನಸ್ತು."

ಚಹಾದಂಗಡಿಯ ಬಂದೂಕುಗಳು, ಜಿಲೇಬಿ, ಬಾಜಾ, ಎಲ್ಲ ಒಮ್ಮೆಲೇ ಬೇರೆ ಯಾರದೋ ಊರಿನ ಸಂಗತಿಯಂತೆ ಕಂಡವು. ಯುದ್ಧ ಅಂದರೆ ಬಾಗಿಲಲ್ಲಿ ಒಬ್ಬ ಮುದುಕಿ, ಗೋಡೆಯ ಮೇಲೆ ಒಬ್ಬ ಅಪ್ಪ.

"ನೀ ಹೇಳು ನಿಮ್ಮವ್ವಗ," ಎಂದ ಅವನು. "ಎಡಿ ಇಡೂದು ಬ್ಯಾಡ ಅನ್ನು. ಅಂವ ಓಡಿದ್ರ ಓಡ್ಲಿ. ನನ್ನ ಕೈಲೆ ಸಾಯೂದು ಬ್ಯಾಡ. ನನಗ ಹೇಳಾಕ ಆಗೂದಿಲ್ಲ."

ಮನೆಗೆ ಹೋದೆ. ಅವ್ವ ಹಿಟ್ಟು ನಾದುತ್ತಿದ್ದಳು. ಹಿಗ್ಗಿಸದೆ, ಕುಗ್ಗಿಸದೆ, ಮೊಸಳೆ ಸುತಳಿ ಏನೂ ಸೇರಿಸದೆ, ಇದ್ದದ್ದು ಇದ್ದ ಹಾಗೆ ಹೇಳಿದೆ. ನನ್ನ ಬಾಯಿಗೆ ಅದು ಅಭ್ಯಾಸವಿಲ್ಲದ ಕೆಲಸ, ತೊದಲಿದೆ. ಅವ್ವ ಹಿಟ್ಟಿನ ಕೈಯಿಂದಲೇ ಕಪಾಳಕ್ಕೆ ಬಾರಿಸಿದಳು.

"ಹೊಟ್ಟಿಕಿಚ್ಚಿಗೆ ಒಂದು ಮಿತಿ ಬ್ಯಾಡೇನೋ? ಬೆಣ್ಣಿ ಆತು, ಅಂಗಿ ಆತು, ಈಗ ಆ ಸತ್ತ ಮನಿಷ್ಯಾನ ಮ್ಯಾಲ ಬಂತೇನ ನಿನ್ನ ನಾಲಿಗಿ?"

"ಖರೇನ ಅವ್ವಾ! ನಿನ್ನಾಣಿ!"

"ನನ್ನಾಣಿ ದಿನಾ ಮಾಡ್ತಿ. ಇನ್ನೂ ಹ್ಯಾಂಗ ಬದುಕೀನೋ ನಾ!" ಅಂಗಳದಲ್ಲಿ ನಿಂತಿದ್ದ ಅವನನ್ನು ಕರೆದಳು. "ಬಾರಪಾ ಇಲ್ಲಿ. ಇಂವ ಏನೇನೋ ಬೊಗಳಾಕತ್ಯಾನ. ನಿಮ್ಮಪ್ಪ ಓಡಿಹೋಗ್ಯಾನಂತ, ಜೀವಂತ ಅದಾನಂತ. ಖರೇನ?"

ಕೇಳುವಾಗ ಅವ್ವನ ದನಿ ಬದಲಾಗಿತ್ತು. ನನಗೆ ಹೊಡೆದ ಅದೇ ಕೈಯನ್ನು ಸೆರಗಿಗೆ ಒರೆಸಿ ಅವನ ತಲೆಯ ಮೇಲೆ ಇಟ್ಟಳು. ಅವನು ನನ್ನನ್ನು ನೋಡಿದ. ಅವ್ವನನ್ನು ನೋಡಿದ. ಅಷ್ಟು ತಿಂಗಳು ಅವ್ವಾರ, ಅವ್ವಾರ ಎಂದು ದೂರದಿಂದ ಕರೆಯುತ್ತಿದ್ದವನು ಮೊದಲ ಸಲ ಹೇಳಿದ:

"ಇಲ್ಲವ್ವಾ."

ಆಮೇಲೆ ನಾವು ಮಾತು ಬಿಟ್ಟೆವು. ಅವನು ತನ್ನ ಬೆಣ್ಣೆಯ ಅರ್ಧ ನನ್ನ ತಾಟಿಗೆ ಸರಿಸುತ್ತಿದ್ದ, ನಾನು ತಿರುಗಿ ಸರಿಸುತ್ತಿದ್ದೆ. ಬೆಣ್ಣೆ ಹೋಗಿ ಬಂದು ಕರಗಿ ನೆಲದ ಪಾಲಾಗುತ್ತಿತ್ತು. ಅಮಾವಾಸ್ಯೆಯ ಹಿಂದಿನ ದಿನ ಕೊಟ್ಟಿಗೆಯಲ್ಲಿ ಅವನು ಹತ್ತಿರ ಬಂದು ನಿಂತ.

"ಮುಳಗುಂದದ್ದು ಖರೇನ?"

"ಸುಳ್ಳು," ಎಂದೆ.

"ನೀ ಈಗ ಸುಳ್ಳ ಹೇಳಾಕತ್ತಿ," ಎಂದ.

ಅವನು ನಮ್ಮ ಮನೆಯಲ್ಲಿ ಇದ್ದದ್ದು ಆ ಅಮಾವಾಸ್ಯೆಯ ಸಂಜೆಯವರೆಗೆ. ಮುಂಜಾನೆಯೇ ಅವ್ವ ನಡುಮನೆ ಸಾರಿಸಿ, ಮಣೆ ಹಾಕಿ, ಹೊಸ ಬಟ್ಟೆ ಇಟ್ಟಳು. ಅಜ್ಜನದು, ಮುತ್ತಜ್ಜಿಯದು, ಕೊನೆಗೆ ಅವನ ಅಪ್ಪನದು. ಹೋಳಿಗೆ, ಕಡಬು, ಬದನೆಕಾಯಿ ಎಣಗಾಯಿ. "ನಿಮ್ಮಪ್ಪಗ ಏನ್ ಸೇರತಿತ್ತಪಾ?" ಎಂದು ಹಿಂದಿನ ದಿನವೇ ಕೇಳಿ ಇಟ್ಟುಕೊಂಡಿದ್ದಳು, ಅವನು "ಪುಂಡಿಪಲ್ಯ" ಎಂದಿದ್ದ. ಅದೂ ಬಂದು ಎಲೆಯ ಮೇಲೆ ಕೂತಿತು, ಪಕ್ಕದಲ್ಲಿ ಹಸಿ ಉಳ್ಳಾಗಡ್ಡಿ.

"ಬಾ ನನ್ನಪ್ಪ. ಊದಿನಕಡ್ಡಿ ಬೆಳಗಿ ಕಾಲಿಗೆ ಬೀಳು. ಉಣ್ಣಾಕ ಬಾ ಅಪ್ಪಾ ಅಂತ ಕರಿ."

ಅವನು ಊದಿನಕಡ್ಡಿ ಹಿಡಿದು ನಿಂತ. ಬೆಳಗದೆ ಹಿಡಿದ ಕಡ್ಡಿಯ ಬೂದಿ ಉದ್ದವಾಗಿ ಬೆಳೆದು ನೆಲಕ್ಕೆ ಉದುರಿತು. ಅವ್ವ ಅದು ದುಃಖವೆಂದುಕೊಂಡಳು. ನನಗೆ ಗೊತ್ತಿತ್ತು, ಅದು ಭಯ. ಅವನು ಕರೆದರೆ ಎಲ್ಲೋ ಒಬ್ಬ ಮನುಷ್ಯ ಸಾಯುತ್ತಾನೆ. ಕರೆಯದಿದ್ದರೆ ಈ ಮನೆ, ಈ ಅವ್ವ, ಈ ಬೆಣ್ಣೆ ಎಲ್ಲ ಹೋಗುತ್ತದೆ. ಅವನು ಬಾಯಿ ತೆರೆದ. ಮುಚ್ಚಿದ. ಬಾಗಿಲಿಗೆ ಬೆನ್ನು ಕೊಟ್ಟು ಅವನು ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಯವ್ವಾ," ಎಂದು ಯಾರೋ ಬಾಗಿಲಲ್ಲಿ ಕರೆದರು. "ಆಚಿಕಡಿಂದ ಬಂದ ಹುಡುಗ ಒಬ್ಬಾಂವ ಇಲ್ಲೆ ಅದಾನಂತ. ಗಜೇಂದ್ರಗಡ ನೋಡಿ ಬಂದೆ, ಗದಗ ಬೆಟಗೇರಿ ನೋಡಿದೆ, ಶಿರಹಟ್ಟಿತನಕ ಹೋಗಿ ಬಂದೆ..."

ಬಡಕಲು ಮನುಷ್ಯ. ಕಾಲಿಗೆ ಚಪ್ಪಲಿಯಿಲ್ಲ, ಕಂಕುಳಲ್ಲಿ ಒಂದು ಗಂಟು. ಉದ್ದ ಕುತ್ತಿಗೆ. ಆ ಕುತ್ತಿಗೆ ನೋಡಿದ ಮೇಲೆ ನಮ್ಮ ಮನೆಯಲ್ಲಿ ಯಾರಿಗೂ ಏನನ್ನೂ ಹೇಳಬೇಕಾಗಿರಲಿಲ್ಲ. ಬಂದವನು ಮಗನನ್ನು ಕಂಡು ಮಾತು ನಿಲ್ಲಿಸಿದ. ಮಗನ ಕೈಯಲ್ಲಿ ಊದಿನಕಡ್ಡಿ. ಮುಂದೆ ಹೊಸ ಧೋತರ, ಹೊಸ ರುಮಾಲು, ಪುಂಡಿಪಲ್ಯ, ಉಳ್ಳಾಗಡ್ಡಿ.

"ಯಾರ ಎಡಿಯಪಾ ಇದು?" ಎಂದು ಮೆಲ್ಲಗೆ ಕೇಳಿದ.

ಮಗ ತಿರುಗಲಿಲ್ಲ. "ನಿಂದು," ಎಂದ.

ಅವ್ವ "ಶಿವನೇ" ಎಂದು ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ನನ್ನ ಕಡೆ ನೋಡಿದಳು. ಆ ನೋಟಕ್ಕಾಗಿ ನಾನು ಅಷ್ಟೂ ದಿನ ಹಲ್ಲು ಕಚ್ಚಿಕೊಂಡು ಕಾದಿದ್ದೆ. ಸಿಕ್ಕಾಗ ಅದನ್ನು ಎಲ್ಲಿಡಬೇಕೋ ತಿಳಿಯಲಿಲ್ಲ, ತಲೆ ಕೆಳಗೆ ಹಾಕಿದೆ. ನಮ್ಮಪ್ಪ ಎದ್ದು, "ಒಳಗ ಬರ್ರಿ, ಕುಂಡ್ರಿ," ಎಂದ. ಆ ಮನುಷ್ಯ ಹೊಸ್ತಿಲು ದಾಟಲಿಲ್ಲ. ತನ್ನ ಎಡೆಯನ್ನು ಬಹಳ ಹೊತ್ತು ನೋಡಿದ. ಸಿಟ್ಟಾಗುತ್ತಾನೆ, ಮಗನನ್ನು ಹೊಡೆಯುತ್ತಾನೆ ಎಂದು ನಾನು ಕಾದೆ. ಅವನು ಗಂಟನ್ನು ನೆಲಕ್ಕಿಟ್ಟು ಕೈ ಜೋಡಿಸಿದ.

"ನಂದು ತಗೀಯವ್ವಾ," ಎಂದ. "ನಮ್ಮವ್ವಂದು ಇಡು."

ಊದಿನಕಡ್ಡಿ ಕೆಳಗೆ ಬಿತ್ತು. ಮಗ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ನಮ್ಮ ಮನೆಗೆ ಬಂದಾಗಿನಿಂದ ಅತ್ತಿರದ ಹುಡುಗ, ಅವತ್ತು ಅತ್ತಾಗಲೂ ಸಪ್ಪಳ ಮಾಡಲಿಲ್ಲ. ಬೆನ್ನು ಮಾತ್ರ ಅಲುಗುತ್ತಿತ್ತು.

ಅವ್ವ ಒಳಗೆ ಹೋದಳು. ತಾನು ಇನ್ನೂ ಉಡದೆ ಇಟ್ಟಿದ್ದ ಇಳಕಲ್ ಸೀರೆಯನ್ನು ಟ್ರಂಕಿನಿಂದ ತಂದಳು. ಧೋತರ ರುಮಾಲು ತೆಗೆದು ಅದನ್ನು ಮಣೆಯ ಮೇಲೆ ಇಟ್ಟಳು. ಪುಂಡಿಪಲ್ಯದ ಎಲೆ ಸರಿಸಿ ಹೊಸ ಎಲೆ ಹಾಸಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಏನೂ ಇರಲಿಲ್ಲ.

"ಆಕಿಗೆ ಏನ್ ಸೇರತಿತ್ತು? ಹೇಳ್ರಿ. ಒಲಿ ಇನ್ನೂ ಉರಿಯಾಕತ್ತೈತಿ, ಮಾಡ್ತೀನಿ."

ಅವನಪ್ಪ ಮಗನನ್ನು ನೋಡಿದ. ಮಗ ಮುಖದಿಂದ ಕೈ ತೆಗೆದು, ಕೊನೆಗೂ ತಿರುಗಿ, ಅಪ್ಪನನ್ನು ನೋಡಿದ.

"ನಮಗೆಲ್ಲಾ ಬಡಿಸಿ ಆಮ್ಯಾಲ ಉಣತಿದ್ಲು," ಎಂದ ಅವನಪ್ಪ.

"ಹೂಂ, ಏನ್ ಉಣತಿದ್ಲು?"

ಇಬ್ಬರಿಗೂ ಗೊತ್ತಿರಲಿಲ್ಲ.